ಎರಡು ಗಳಿಗೆ ಬಟ್ಟಲು

ದೇವರು ತುಂಬಿಸಿಕೊಟ್ಟ ಕೆರೆಯೂ, ಮನುಷ್ಯ ಒಣಗಿಸಿದ ಗದ್ದೆಯೂ ಒಟ್ಟಿಗೇ ಇದ್ದ ಒಂದು ರಾಜ್ಯವಿತ್ತು, ಮಕ್ಕಳೇ. ಅದರ ಹೆಸರು ಕಮಲಾವತಿ. ಅಲ್ಲೊಂದು ದೊಡ್ಡ ಕೆರೆ. ಕೆರೆ ಏರಿಯ ಮೇಲೆ ಈಶ್ವರನ ಗುಡಿ. ಏರಿಯ ಕೆಳಗೆ ಊರವರ ಗದ್ದೆಗಳು.

ಆ ಕೆರೆಯ ತೂಬು ತೆಗೆದು, ಮುಚ್ಚಿ, ಗದ್ದೆಗಳಿಗೆ ನೀರು ಹಂಚುವವಳು ಸಾತವ್ವ. ಗಂಡ ಶಿವನ ಪಾದ ಸೇರಿದ ಮೇಲೆ ಅವನ ನೀರಗಂಟಿ ಕೆಲಸ ಇವಳಿಗೆ ಬಂದಿತ್ತು. ಹೊತ್ತು ಅಳೆಯಲು ಒಂದು ತಾಮ್ರದ ಬಟ್ಟಲು. ತಳದಲ್ಲಿ ಸೂಜಿಮೊನೆಯಷ್ಟು ತೂತು. ಹಂಡೆಯ ನೀರಿನಲ್ಲಿ ತೇಲಿಬಿಟ್ಟರೆ ನಿಧಾನವಾಗಿ ತುಂಬಿ ಮುಳುಗುತ್ತದೆ. ಮುಳುಗಿದರೆ ಒಂದು ಗಳಿಗೆ. ಒಂದು ಗದ್ದೆಗೆ ಒಂದು ಗಳಿಗೆ ನೀರು. ಬಡವನಿಗೂ ಅಷ್ಟೇ, ಬಲ್ಲಿದನಿಗೂ ಅಷ್ಟೇ.

ಬಟ್ಟಲು ಇರುತ್ತಿದ್ದುದು ಕೆರೆ ಮಂತ್ರಿ ಭೈರಣಯ್ಯನ ಮನೆಯಲ್ಲಿ. ಅವನ ಆಳು ತಂದು ತೇಲಿಬಿಡುತ್ತಿದ್ದ. ಆ ಮಂತ್ರಿಗೂ ಏರಿಯ ಕೆಳಗೇ ಗದ್ದೆಯಿದೆಯಲ್ಲ ಎಂದು ಯಾರೂ ಯೋಚಿಸಿರಲಿಲ್ಲ.

ನೀರು ಹರಿಯುವಷ್ಟು ಹೊತ್ತು ಸಾತವ್ವ ರುದ್ರಾಕ್ಷಿ ಮಾಲೆ ಹಿಡಿದು ಶಿವನಾಮ ಜಪಿಸುತ್ತಿದ್ದಳು. ಊರವರ ಗದ್ದೆಗೆ ನೀರು ಬಿಟ್ಟಾಗ ಮಾಲೆ ಆರು ಸುತ್ತು ಬರುತ್ತಿತ್ತು. ಮಂತ್ರಿಯ ಗದ್ದೆಗೆ ಬಿಟ್ಟಾಗ ಹನ್ನೆರಡು! ಮೊದಲು ತನ್ನ ನಾಲಿಗೆಯನ್ನೇ ಅನುಮಾನಿಸಿದಳು. ಮೂರು ವಾರ ನೋಡಿದಳು. ಮೂರು ವಾರವೂ ಅಷ್ಟೇ. ಅತ್ತ ಕೊನೆಯ ಗದ್ದೆಗಳಲ್ಲಿ ಪೈರು ಹಳದಿಯಾಗುತ್ತಿತ್ತು.

'ಇವನ ಹತ್ತಿರ ಎರಡು ಬಟ್ಟಲಿವೆ. ಊರಿಗೊಂದು, ತನಗೊಂದು. ನನ್ನಪ್ಪ ಶಿವ ತೋರಿಸಿಕೊಟ್ಟ ಮೇಲೆ ನಾನು ಬಾಯಿ ಮುಚ್ಚಿಕೊಂಡಿರಲಾರೆ' ಎಂದುಕೊಂಡಳು.

ಊರ ಗೌಡನ ಬಳಿ ಹೋದಳು. "ಮೆಲ್ಲಗೆ ಮಾತಾಡವ್ವ! ಅವರು ನಮ್ಮ ಬೀಗರು" ಎಂದ ಗೌಡ.

ಗೌಡನ ಮೇಲಧಿಕಾರಿ ಪಾರುಪತ್ಯಗಾರನ ಬಳಿ ಹೋದಳು. "ಈ ಪೇಟ ನನ್ನ ತಲೆಗೆ ಸುತ್ತಿದವರೇ ಅವರು. ಬಿಚ್ಚಿಸಬೇಕು ಅಂತಿದ್ದೀಯಾ?" ಎಂದ ಅವನು.

ಮೂರನೆಯದಾಗಿ ರಾಜನ ಬಳಿಗೇ ಹೋದಳು. ರಾಜ ಕೆಟ್ಟವನಲ್ಲ, ಸೋಮಾರಿ. "ಇದು ಕೆರೆಯ ವಿಷಯ. ಭೈರಣಯ್ಯನವರೇ, ನೀವೇ ವಿಚಾರಿಸಿ" ಎಂದುಬಿಟ್ಟ.

ಮಂತ್ರಿ ಕಣ್ಣು ಮುಚ್ಚಿದ, ತೆರೆದ. "ವಿಚಾರಿಸಿದೆ ಪ್ರಭು. ನನ್ನನ್ನು ನಾನೇ ಬಿಗಿಯಾಗಿ ಕೇಳಿದೆ. ತಪ್ಪಿಲ್ಲ. ಸುಳ್ಳು ಹೊರಿಸಿದ ಇವಳ ಕೆಲಸ ಕಿತ್ತುಕೊಂಡು ಊರು ಬಿಡಿಸಬೇಕು."

ಸಭೆ ನಕ್ಕಿತು. ಸಾತವ್ವ ಅಲುಗಲಿಲ್ಲ.

"ಬಿಡ್ತೀನಿ ಬುದ್ಧೀ. ಅದಕ್ಕೆ ಮುಂಚೆ ಈಶ್ವರನ ಮುಂದೆ ಆಣೆಯಾಗಲಿ. ಮಟಮಟ ಮಧ್ಯಾಹ್ನ ಗುಡಿಯಂಗಳದ ಕಲ್ಲಿನ ಮೇಲೆ ಬರಿಗಾಲಲ್ಲಿ ಒಂದು ಗಳಿಗೆ ನಿಲ್ತೀನಿ. ಆಮೇಲೆ ಮಂತ್ರಿಗಳೂ ನಿಲ್ಲಲಿ. ನಡುವೆ ಕಾಲು ಕಿತ್ತವರು ಸುಳ್ಳರು. ಬಟ್ಟಲು ಮಂತ್ರಿಗಳೇ ತರಲಿ."

ಕೊನೆಯ ಮಾತು ಕೇಳಿ ಮಂತ್ರಿಯ ಮೀಸೆ ನಕ್ಕಿತು. "ಆಗಲಿ" ಎಂದ ರಾಜ.

ಮರುದಿನ ಗುಡಿಯಂಗಳದಲ್ಲಿ ಊರಿಗೆ ಊರೇ ಸೇರಿತು, ರಾಜನೂ ಬಂದು ಕುಳಿತ. ಕಲ್ಲು ಕಾದ ಕಾವಲಿಯಂತಿತ್ತು. ಮಂತ್ರಿ ತಂದ ಬಟ್ಟಲನ್ನು ಹಂಡೆಯಲ್ಲಿ ತೇಲಿಬಿಟ್ಟ, ಸಾತವ್ವ ಹತ್ತಿ ನಿಂತಳು. ಮಾಲೆ ಆರು ಸುತ್ತು ಬಂತು, ಅಂಗಾಲು ಚುರುಗುಟ್ಟಿತು. ಏಳು ಬಂತು, ಬಟ್ಟಲು ತೇಲುತ್ತಲೇ ಇತ್ತು. ಅವಳು ಒಳಗೊಳಗೇ ನಕ್ಕಳು. 'ಅಪ್ಪಾ ಈಶ್ವರಾ, ನಿಧಾನದ ಬಟ್ಟಲೇ ಬಂದಿದೆ. ಇನ್ನು ಕಾಲಿಗೆ ಬಲ ಕೊಡುವುದೊಂದು ನಿನ್ನ ಕೆಲಸ.' ಕಣ್ಣಲ್ಲಿ ನೀರು ಸುರಿಯಿತು, ಕಾಲು ಕದಲಲಿಲ್ಲ. ಹನ್ನೆರಡನೇ ಸುತ್ತಿಗೆ ಬಟ್ಟಲು ಮುಳುಗಿತು.

ಕಲ್ಲಿನಿಂದಿಳಿದವಳು ಕೂರಲಿಲ್ಲ. ಕುಂಟುತ್ತ ಹೋಗಿ ಬಟ್ಟಲನ್ನು ಎತ್ತಿ ಪೂಜಾರಿಯ ಕೈಗಿಟ್ಟಳು. "ನನ್ನ ಸತ್ಯ ಹೊತ್ತ ಬಟ್ಟಲು. ಈಶ್ವರನ ಪಾದದಲ್ಲಿರಲಿ." ದೇವರ ಪಾದಕ್ಕಿಟ್ಟದ್ದನ್ನು ಯಾರು ಕಿತ್ತುಕೊಂಡಾರು?

ಮಂತ್ರಿಗೆ ಖುಷಿಯೇ ಆಯಿತು. "ಇರಲಿ, ಇರಲಿ. ನನ್ನ ಬಳಿ ಇನ್ನೊಂದಿದೆ" ಎಂದು ನಡುಕಟ್ಟಿನಿಂದ ಬೇರೊಂದು ಬಟ್ಟಲು ತೆಗೆದ.

"ಇನ್ನೊಂದೇ?" ರಾಜ ನೆಟ್ಟಗೆ ಕುಳಿತ.

"ಎರಡೂ ಒಂದೇ ಅಳತೆ, ಪ್ರಭು!"

"ಹಾಗಾದ್ರೆ ಒಳ್ಳೇದೇ ಆಯ್ತು" ಎಂದಳು ಸಾತವ್ವ. "ಪೂಜಾರಪ್ಪ ಎರಡನ್ನೂ ಒಂದೇ ಹಂಡೆಯಲ್ಲಿ ಬಿಡಲಿ. ಎರಡೂ ಮುಳುಗೋವರೆಗೆ ಮಂತ್ರಿಗಳು ನಿಂತಿರಲಿ."

ಪೂಜಾರಿ ಈಶ್ವರನಿಗೆ ಕೈಮುಗಿದು ಬಟ್ಟಲನ್ನು ಹೊರತಂದ. ಎರಡನ್ನೂ ತೇಲಿಬಿಟ್ಟ. ಮಂತ್ರಿ ಕಲ್ಲಿನ ಮೇಲೆ ಆ ಕಾಲು ಈ ಕಾಲು ಬದಲಿಸತೊಡಗಿದ. ಸ್ವಲ್ಪ ಹೊತ್ತಿಗೆ ಒಂದು ಬಟ್ಟಲು ಗುಳುಕ್ಕನೆ ಮುಳುಗಿತು. "ಗಳಿಗೆ ಆಯಿತು! ಗಳಿಗೆ ಆಯಿತು!" ಎಂದು ಕೂಗಿ ಮಂತ್ರಿ ಕೆಳಗೆ ಹಾರಿದ.

"ಅದು ಊರಿನ ಗಳಿಗೆ, ಸ್ವಾಮಿ" ಎಂದಳು ಸಾತವ್ವ. "ನಿಮ್ಮ ಗದ್ದೆಯ ಗಳಿಗೆ ಇನ್ನೂ ತೇಲ್ತಾ ಇದೆ, ನೋಡಿ."

ಎಲ್ಲರೂ ನೋಡಿದರು. ಈ ಸಲ ಯಾರೂ ನಗಲಿಲ್ಲ.

ರಾಜ ತಲೆ ತಗ್ಗಿಸಿದ. "ತಪ್ಪಿನಲ್ಲಿ ನನ್ನ ಪಾಲೂ ಇದೆ. ಕಳ್ಳನ ಮೇಲಿನ ದೂರನ್ನು ಕಳ್ಳನ ಕೈಗೇ ಕೊಟ್ಟೆ." ಅಂದಿನಿಂದ ಎಲ್ಲರ ಗದ್ದೆಗೂ ಒಂದೇ ಬಟ್ಟಲು, ಅದೂ ಗುಡಿ ಸೇರಿತು. ಏರಿಯ ಕೆಳಗೆ ಗದ್ದೆಯಿದ್ದವರು ಅದನ್ನು ಮುಟ್ಟಕೂಡದೆಂದು ಕಟ್ಟಳೆಯಾಯಿತು. ಭೈರಣಯ್ಯ ಮಂತ್ರಿ ಪದವಿ ಕಳೆದುಕೊಂಡು, ಕೊನೆಯ ಗದ್ದೆಯವರೆಗೆ ಕಾಲುವೆಯ ಹೂಳೆತ್ತಿದ, ಬರಿಗಾಲಲ್ಲಿ. ಹಳದಿ ಪೈರು ಹಸಿರಾಯಿತು. ಸಾತವ್ವ ಅಂಗಾಲಿನ ಕಲೆಯನ್ನು ಶಿವನ ಪ್ರಸಾದವೆಂದೇ ತಿಳಿದಳು.

ನೀರು ಪಡೆಯುವವನ ಕೈಗೆ ನೀರಿನ ಅಳತೆ ಕೊಡಬೇಡಿ, ಮಕ್ಕಳೇ. ತಪ್ಪು ಕಣ್ಣಿಗೆ ಬಿದ್ದರೆ, ಕಾಲು ಸುಟ್ಟರೂ ನಿಂತು ಹೇಳಿ. ಹಾಗೆ ನಿಂತವರ ಪಕ್ಕದಲ್ಲಿ ಈಶ್ವರನೂ ಬರಿಗಾಲಲ್ಲೇ ನಿಂತಿರುತ್ತಾನೆ. ಅವನು ನಿಮ್ಮೆಲ್ಲರ ಗದ್ದೆ ತಣ್ಣಗಿಟ್ಟಿರಲಿ.