ತಲೆದೆಸೆಯ ಯಾಸೀನ್

ಊರಾಚೆಯ ಖಬರಸ್ತಾನದ ಮಗ್ಗುಲಲ್ಲಿ ತಗಡು ಹೊದಿಸಿದ ಒಂದು ಕೋಣೆ. ಹಜರತ್ ಮುನವ್ವರ್ ಷಾ ವಲಿಗಳು ಅಲ್ಲಿಯೇ ವಾಸವಾಗಿದ್ದರು. ದಿಕ್ಕಿಲ್ಲದ ಹೆಣಗಳಿಗೆ ಮೈ ತೊಳೆಸಿ ಕಫನ್ ಬಟ್ಟೆ ಹೊದಿಸುವುದು ಅವರ ಸೇವೆ. ಒಡಹುಟ್ಟಿದ ತಮ್ಮ ಸತ್ತ ವಾರದಲ್ಲೇ ಮೌಲ್ವಿ ಫಸೀಹುದ್ದೀನರು ಅಲ್ಲಿಗೆ ಬಂದರು. ದುಃಖ ಹೇಳಿಕೊಳ್ಳಲಿಕ್ಕಲ್ಲ, ತಾವೇ ಸರಿ ಎನ್ನಿಸಿಕೊಳ್ಳಲಿಕ್ಕೆ.

ಗೋರಿ ತೋಡುವ ಲಾಡ್ಲೆಸಾಬ ಗುದ್ದಲಿ ಊರಿ ನಿಂತ. "ಬರ್ರಿ ಮೌಲ್ವಿಸಾಬ್ರ. ತಮ್ಮಗ ಮಣ್ಣು ಕೊಡಾಕ ಪುರಸೊತ್ತಿರಲಿಲ್ಲ, ಇವತ್ತ ಸಿಕ್ತೇನ್ರಿ?"

ಮೌಲ್ವಿಗಳು ಮುಖ ತಿರುಗಿಸಿ ಒಳಹೊಕ್ಕರು.

ಜಗಳ ಹಳೆಯದು. ಪವಿತ್ರ ಕುರ್‌ಆನಿನ ಕೆಲವು ಸೂರಾಗಳು, ಎಂದರೆ ಅಧ್ಯಾಯಗಳು, ಅಲಿಫ್, ಲಾಮ್, ಮೀಮ್ ಎಂಬಂಥ ಬಿಡಿ ಅಕ್ಷರಗಳಿಂದ ಆರಂಭವಾಗುತ್ತವೆ. ಅವುಗಳ ಗೂಢಾರ್ಥ ತಮಗೆ ತಿಳಿದಿದೆಯೆಂದು ಮೌಲ್ವಿಗಳು ಮಸೀದಿಯ ಪ್ರವಚನದಲ್ಲಿ ಬಯಾನ್ ಮಾಡಿದ್ದರು. ಗಡಿಯಾರ ರಿಪೇರಿಯ ತಮ್ಮ ಜಹೂರ್ ತುಂಬಿದ ಜಮಾತಿನ ನಡುವೆ ಎದ್ದು, "ಭಾಯಿಜಾನ್, ಅದು ಅಲ್ಲಾಹಗ ಮಾತ್ರ ಗೊತ್ತು. ಗೊತ್ತಿಲ್ಲ ಅಂದ್ರ ನಿಮ್ಮ ಗಡ್ಡ ಏನ್ ಉದುರಂಗಿಲ್ಲಲ್ಲ!" ಎಂದುಬಿಟ್ಟ. ಜನ ನಕ್ಕರು. ಮೌಲ್ವಿಗಳಿಗೆ ಆ ನಗು ಅರಗಲಿಲ್ಲ. ಅಂದಿನಿಂದ ತಮ್ಮನೊಡನೆ ಸಲಾಮು ಕೂಡ ಬಂದ್. ಪ್ರಾಣ ಹೋಗುವವರ ತಲೆದೆಸೆಯಲ್ಲಿ ಯಾಸೀನ್ ಸೂರಾ ಓದುವುದು ರೂಢಿ. "ಅಣ್ಣನೇ ಬಂದು ಓದಲಿ" ಎಂದು ಜಹೂರ್ ಹಾಸಿಗೆಯಿಂದ ಹೇಳಿ ಕಳಿಸಿದಾಗಲೂ, "ಮೊದಲು ತಪ್ಪೊಪ್ಪಿ ತೌಬಾ ಮಾಡಲಿ" ಎಂದು ಇವರು ಕದಲಲಿಲ್ಲ.

"ಹಜರತ್, ತಾವೇ ಹೇಳಿ. ನಾನು ಹೇಳಿದ ಅರ್ಥ ಸರಿಯೋ, ಅವನ ಉದ್ಧಟತನ ಸರಿಯೋ?"

ಪೂಜ್ಯರು ಕಫನಿನ ಬಟ್ಟೆ ಅಳೆಯುತ್ತಿದ್ದರು, ಕೈ ನಿಲ್ಲಿಸಲಿಲ್ಲ.

"ಯಾಸೀನ್ ಶುರುವಾಗುವುದೂ ಅಂಥ ಎರಡು ಅಕ್ಷರಗಳಿಂದಲೇ. ಅರ್ಥ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆಯೇ ನಿಮ್ಮ ತಮ್ಮನವರ ಪಕ್ಕ ಕೂತು ಓದಿದೆ. ಅವರು ಕೊನೆತನಕ ಬಾಗಿಲನ್ನೇ ನೋಡುತ್ತಿದ್ದರು, ಮೌಲ್ವಿ ಸಾಹೇಬರೇ."

ಅಷ್ಟೇ. ಸಮಾಧಾನದ ಒಂದು ಮಾತನ್ನೂ ಅವರು ಆಡಲಿಲ್ಲ. ಕ್ಷಮಿಸಬೇಕಾದವನು ಮಣ್ಣಿನಡಿ ಇದ್ದ.

ಮೌಲ್ವಿಗಳು ನೇರವಾಗಿ ತಮ್ಮನ ಮನೆಗೆ ನಡೆದು, ಯಾಸೀನ್ ಓದಲು ಬಂದಿದ್ದೇನೆಂದು ಕೂಗಿ ಹೇಳಿದರು. ಕದದ ಹಿಂದಿನಿಂದ ಜಹೂರನ ವಿಧವೆ ಬಿಲ್ಕೀಸ್ ಹೇಳಿದಳು: "ಓದೋರು ಓದಿ ಹೋದ್ರು, ಭಾಯಿಸಾಬ್. ನೀವು ಹೋಗ್ರಿ."

ಮುಂದಿನ ಶುಕ್ರವಾರ ಜುಮ್ಮಾ ನಮಾಜಿನಂದು, ಆ ಅಕ್ಷರಗಳ ಅರ್ಥ ತಮಗೆ ಎಂದೂ ತಿಳಿದಿರಲಿಲ್ಲವೆಂದು ಅವರು ಜಮಾತಿನೆದುರು ಒಪ್ಪಿಕೊಂಡರು. ಆಮೇಲೆ ಊರಲ್ಲಿ ಯಾರಿಗೆ ಕೊನೆಯುಸಿರು ಹತ್ತಿದರೂ, ಅವರು ತಮ್ಮನ್ನು ಬೈದವರೇ ಆಗಿರಲಿ, ಕರೆ ಬರುವ ಮುನ್ನವೇ ಮೌಲ್ವಿಗಳು ಹೋಗಿ ತಲೆದೆಸೆಯಲ್ಲಿ ಕೂರುತ್ತಿದ್ದರು. ಬಿಲ್ಕೀಸಳ ಕದ ಮಾತ್ರ ಅವರಿಗೆ ತೆರೆಯಲಿಲ್ಲ. ತೆರೆಯೆಂದು ಅವರು ಮತ್ತೆ ಕೇಳಲೂ ಇಲ್ಲ.