ಒಂಬತ್ತು ಮೀನಿನ ಎಲೆ

“ಗುರುಗಳೇ, ಜನ ನಿಜವಾಗಿ ಯಾವುದನ್ನು ಹುಡುಕುತ್ತಿದ್ದಾರೆ ಎಂದು ತಿಳಿಯುವುದು ಹೇಗೆ?”

ಕೇಳಿದವನು ಸಂಗಯ್ಯ. ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಯಾವ ಪ್ರವಚನಕ್ಕೆ ಎಷ್ಟು ಜನ ಬಂದರು ಎಂದು ಎಣಿಸಿ ಬರೆದಿಡುವ ಕೆಲಸವನ್ನು ಯಾರೂ ಹೇಳದೆ ತಾನೇ ಮೈಮೇಲೆ ಹಾಕಿಕೊಂಡಿದ್ದ. ಗುರುಗಳು ಆ ಎಣಿಕೆಯನ್ನು ಒಮ್ಮೆಯೂ ಕೇಳಿರಲಿಲ್ಲ. ಅದರಿಂದ ಅವನಿಗೆ ಸ್ವಲ್ಪ ಬೇಸರವೂ ಇತ್ತು.

“ಕೂತುಕೋ. ನಿನ್ನ ಹಾಗೇ ಎಣಿಸುತ್ತಿದ್ದ ಒಬ್ಬನ ಕತೆ ಹೇಳುತ್ತೇನೆ,” ಎಂದು ಗುರುಗಳು ಶುರುಮಾಡಿದರು.

ಒಂದು ಊರು. ಆ ಊರಿನವರಿಗೆ ಹಳೆಯ ಗಂಜೀಫಾ ಎಲೆಗಳನ್ನು ಕೂಡಿಡುವ ಹುಚ್ಚು. ಗಂಜೀಫಾ ಗೊತ್ತಲ್ಲ, ನಮ್ಮ ಹಿರಿಯರು ಆಡುತ್ತಿದ್ದ ಇಸ್ಪೀಟು. ಎಲೆ ದುಂಡಗೆ, ಅಂಗೈಗಿಂತ ಚಿಕ್ಕದು, ಕೈಯಲ್ಲೇ ಬಣ್ಣ ಹಾಕಿದ್ದು. ಎಷ್ಟೋ ಹಿಂದೆ ಚಿತ್ರಗಾರರ ಒಂದೇ ಮನೆತನ ಅವನ್ನು ಬರೆದು ಊರಿಗೆಲ್ಲ ಕೊಟ್ಟಿತ್ತು. ಹಾಗಾಗಿ ಯಾರ ಮನೆಯ ಎಲೆಯಾದರೂ ಅಳತೆ ಒಂದೇ, ಬೆನ್ನಿನ ಕೆಂಪು ಒಂದೇ. ಆಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಪಾತ್ರೆ ಪಡಗ ಹಂಚಿಕೊಂಡ ಹಾಗೆ ಎಲೆಗಳನ್ನೂ ಹಂಚಿಕೊಂಡರು. ರಾಜ, ಮಂತ್ರಿ ಹಿರಿಯನ ಪಾಲಿಗೆ ಹೋದವು. ಉಳಿದವು ಮಕ್ಕಳ ಕೈಗೆ ಬಿದ್ದು ಎತ್ತೆತ್ತಲೋ ಹೋದವು. ಪೂರ್ತಿ ಕಟ್ಟು ಎಂಬುದು ಅಪರೂಪವಾಯಿತು.

ಕಟ್ಟುಗಳಲ್ಲಿ ಎರಡು ಬಗೆ. ಒಂದು ನವಗ್ರಹದ್ದು, ಇನ್ನೊಂದು ದಶಾವತಾರದ್ದು. ದಶಾವತಾರದ ಕಟ್ಟಿಗೆ ನೂರಿಪ್ಪತ್ತು ಎಲೆ. ಹತ್ತು ಅವತಾರಕ್ಕೆ ಹತ್ತು ಸಾಲು. ಒಂದೊಂದು ಸಾಲಿಗೂ ಒಬ್ಬ ರಾಜ, ಒಬ್ಬ ಮಂತ್ರಿ, ಆಮೇಲೆ ಒಂದರಿಂದ ಹತ್ತರವರೆಗೆ ಬಿಡಿ ಎಲೆ. ಮೀನಿನ ಸಾಲಾದರೆ ಮೂರರ ಎಲೆಯಲ್ಲಿ ಮೂರು ಮೀನು, ಏಳರ ಎಲೆಯಲ್ಲಿ ಏಳು. ಅಷ್ಟೇ. ಬಿಡಿ ಎಲೆಯಲ್ಲಿ ನೋಡುವಂಥದ್ದೇನೂ ಇರುವುದಿಲ್ಲ.

ಆ ಊರಿನಲ್ಲಿ ಒಬ್ಬ ಪರೀಕ್ಷಕಿ ಇದ್ದಳು. ಯಾರು ಯಾವ ಎಲೆ ತಂದರೂ ಬೆಳಕಿಗೆ ಹಿಡಿಯುವಳು, ಭೂತಗನ್ನಡಿಯಲ್ಲಿ ಅಂಚು ನೋಡುವಳು, ಬಣ್ಣ ನೋಡುವಳು, ಬೆನ್ನು ನೋಡುವಳು. ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವಳು. ಅಂಕದ ಚೀಟಿಯ ಜೊತೆ ಎಲೆಯನ್ನು ಎರಡು ಗಾಜುಗಳ ನಡುವೆ ಇಟ್ಟು, ಸುತ್ತ ಅರಗು ಹಚ್ಚಿ ಮುಚ್ಚುವಳು. ಆಮೇಲೆ ಆ ಅಂಕದ ಬಗ್ಗೆ ಊರಿನಲ್ಲಿ ಯಾರೂ ತಕರಾರು ಎತ್ತುತ್ತಿರಲಿಲ್ಲ. ಸ್ವಂತ ಅಣ್ಣ ನವಗ್ರಹದ ಸೂರ್ಯರಾಜನ ಎಲೆ ತಂದಾಗ ಆಕೆ ಕೊಟ್ಟದ್ದು ಎರಡು ಅಂಕ. ಅಣ್ಣ ಒಂದು ವರ್ಷ ಮಾತು ಬಿಟ್ಟ. ಹಬ್ಬಕ್ಕೂ ಕರೆಯಲಿಲ್ಲ. ಆಕೆ ಅತ್ತಳಂತೆ, ಅಂಕ ಮಾತ್ರ ತಿದ್ದಲಿಲ್ಲ. ಇಂಥವರ ಹೆಸರು ಕೇಳಿದರೆ ನನ್ನ ಕೈ ತಾನಾಗಿ ಮುಗಿಯುತ್ತದೆ.

ಅದೇ ಊರಿನಲ್ಲಿ ಹಳೆಯ ಸಾಮಾನಿನ ಒಬ್ಬ ವ್ಯಾಪಾರಿ ಇದ್ದ. ಒಂದು ದಿನ ಯಾವುದೋ ದೊಡ್ಡ ಮನೆಯ ಅಟ್ಟದಿಂದ ಒಂದು ದಶಾವತಾರದ ಕಟ್ಟು ಅವನ ಕೈಗೆ ಬಂತು. ಆ ಮನೆ ಪಾಲಾಗಿರಲಿಲ್ಲ. ನೂರಿಪ್ಪತ್ತಕ್ಕೆ ನೂರಿಪ್ಪತ್ತೂ ಇತ್ತು. ಇದನ್ನು ಇಡಿಯಾಗಿ ಉಳಿಸುವುದೋ, ಒಡೆದು ಮಾರುವುದೋ ಎಂದು ಅವನಿಗೆ ಯೋಚನೆ ಹತ್ತಿತು. ಊರಿನವರು ಯಾವ ಕಟ್ಟಿನ ಬೆನ್ನು ಹತ್ತಿದ್ದಾರೆ ಎಂದು ತಿಳಿದರೆ ಉತ್ತರ ಸಿಕ್ಕಿತು ಎಂದುಕೊಂಡ.

ದಡ್ಡನಲ್ಲ ಅವನು. ಒಂದು ತಿಂಗಳು ಅಂಗಡಿಯಲ್ಲಿ ಕೂತು, ಬಂದವರು ಏನು ಕೇಳಿದರು ಎಂದು ಗೀಟು ಹಾಕುತ್ತ ಎಣಿಸಿದ. ನವಗ್ರಹದ ಸೂರ್ಯರಾಜನಿಗೆ ಗೀಟು ಹಾಕಿ ಹಾಕಿ ಹಾಳೆ ಮುಗಿಯಿತು. ಏಳು ಕುದುರೆ, ಚಿನ್ನದ ರೇಕು, ಗೋಡೆಗೆ ಹಾಕಿದರೆ ಮನೆಗೇ ಕಳೆ. ದಶಾವತಾರದ ರಾಜರನ್ನು ಕೇಳಿದವರು ಹತ್ತಿಪ್ಪತ್ತು ಜನ. ಬಿಡಿ ಎಲೆ ಬೇಕು ಅಂದವರು ಒಬ್ಬರೂ ಇಲ್ಲ.

ಗಾಳಿ ಬಂದಾಗ ತೂರಿಕೋ ಎನ್ನುವವನು ಅವನು. ಕಟ್ಟನ್ನು ಒಡೆದೇ ಬಿಟ್ಟ. ರಾಜರು ಹತ್ತು, ಮಂತ್ರಿಗಳು ಹತ್ತು, ಅವನ್ನು ಬೇರೆ ಇಟ್ಟ. ಉಳಿದ ನೂರು ಬಿಡಿ ಎಲೆಗಳನ್ನು ಕನ್ನಡಿಗೆ ಚೌಕಟ್ಟು ಹಾಕುವವನಿಗೆ ಕೊಟ್ಟ. ಆತ ಅವನ್ನು ಕತ್ತರಿಸಿ ಚೌಕಟ್ಟಿನ ಸುತ್ತ ಅಂಟಿಸುವುದೆಂದು ಮಾತಾಯಿತು. ಇಪ್ಪತ್ತು ಎಲೆ ಹಿಡಿದು ವ್ಯಾಪಾರಿ ಪರೀಕ್ಷಕಿಯ ಮನೆಗೆ ಹೋದ.

ಆಕೆ ಮೀನಿನ ರಾಜನನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಇದು ಬಿಡಿಯಾಗಿ ಸಿಕ್ಕಿದ್ದಲ್ಲ ಸೆಟ್ರೇ. ಒಂದೇ ಬಟ್ಟೇಲಿ ಸುತ್ತಿಟ್ಟಿದ್ದು. ಉಳಿದ ನೂರು ಎಲ್ಲಿ?”

“ಅವು ಯಾರಿಗೆ ಬೇಕಮ್ಮ? ಚೌಕಟ್ಟಿನವನಿಗೆ ಕೊಟ್ಟೆ. ಬರೋ ಸೋಮವಾರ ಅಂಟಿಸ್ತಾನೆ. ತಿಂಗಳು ಪೂರ್ತಿ ಎಣಿಸಿದ್ದೀನಿ, ಒಬ್ಬರೂ ಬಂದು ಕೇಳಲಿಲ್ಲ.”

“ನಿಮ್ಮ ಅಂಗಡೀಲಿ ಬಿಡಿ ಎಲೆ ಇರಲ್ಲ ಅಂತ ಊರಿಗೆಲ್ಲ ಗೊತ್ತು. ಇಲ್ಲದ ಕಡೆ ಬಂದು ಯಾರು ಕೇಳ್ತಾರೆ? ಎಣಿಸೋಕೆ ನಿಮಗೆ ಬರತ್ತಲ್ಲ. ಸೋಮವಾರದವರೆಗೆ ಇಲ್ಲಿ ಕೂತು ಎಣಿಸಿ.”

ಆಕೆ ಬೈದಿದ್ದರೆ ವ್ಯಾಪಾರಿ ಎದ್ದು ಹೋಗುತ್ತಿದ್ದ. ಬೈಯಲಿಲ್ಲ, ಮಣೆ ಹಾಕಿದಳು. ಅವನು ಕೂತ.

ಮೊದಲ ದಿನ ಸೂರ್ಯರಾಜ ಬಂದ. ಮೂರನೆಯ ದಿನವೂ ಬಂದ, ಬೇರೆಯವರ ಕೈಯಲ್ಲಿ. ಐದನೆಯ ದಿನ ಇನ್ನೊಬ್ಬರ ಕೈಯಲ್ಲಿ. ವ್ಯಾಪಾರಿ ಖುಷಿಯಿಂದ ಮೂರು ಗೀಟು ಹಾಕಿದ. ಪರೀಕ್ಷಕಿ ಎಲೆ ತಿರುಗಿಸಿ ತೋರಿಸಿದಳು. ಬೆನ್ನಿನಲ್ಲಿ ಒಂದೇ ಗೀರು, ಅದೇ ಜಾಗದಲ್ಲಿ. ಎಲೆ ಒಂದೇ. ಕೊಂಡವನು ಅರ್ಧ ಅಂಕ ಹೆಚ್ಚು ಸಿಕ್ಕೀತೆಂಬ ಆಸೆಗೆ ಅರಗು ಒಡೆದು ತರುತ್ತಿದ್ದ. ಸಿಗದಿದ್ದರೆ ಇನ್ನೊಬ್ಬನಿಗೆ ದಾಟಿಸುತ್ತಿದ್ದ. ಆ ಸೂರ್ಯ ಯಾರ ಗೋಡೆಯ ಮೇಲೂ ಒಂದು ವಾರ ಇದ್ದದ್ದಿಲ್ಲ. ವ್ಯಾಪಾರಿ ಎರಡು ಗೀಟು ಹೊಡೆದುಹಾಕಿದ.

ಇದರ ನಡುವೆ ಬೇರೆ ಜನವೂ ಬರುತ್ತಿದ್ದರು. ಒಬ್ಬ ದರ್ಜಿ ಕೊಡಲಿ ಸಾಲಿನ ನಾಲ್ಕರ ಎಲೆ ತಂದ. ಅಂಚನ್ನು ಇಲಿ ತಿಂದಿತ್ತು. ಆಕೆ ಎರಡು ಅಂಕ ಕೊಟ್ಟಳು. ಅವನು ಅದನ್ನು ಕಣ್ಣಿಗೆ ಒತ್ತಿಕೊಂಡು ಹೋದ. ಒಬ್ಬ ಶಾಲೆಯ ಟೀಚರು ಆಮೆ ಸಾಲಿನ ಏಳನ್ನು ತಂದಳು. ಆ ಎಲೆಯ ಬೆಲೆಗಿಂತ ಪರೀಕ್ಷೆಯ ಶುಲ್ಕವೇ ಹೆಚ್ಚು. ಎಂಥ ಹುಚ್ಚರಪ್ಪ ಎಂದು ವ್ಯಾಪಾರಿ ಒಳಗೊಳಗೇ ನಕ್ಕ.

ಆದರೆ ಅವನು ಎಣಿಸುವವನು, ಕಣ್ಣು ಸುಮ್ಮನಿರಲಿಲ್ಲ. ಬಿಡಿ ಎಲೆ ತಂದವರೆಲ್ಲರ ಹತ್ತಿರವೂ ಮಡಚಿ ಮಡಚಿ ಸವೆದ ಒಂದು ಹಾಳೆ ಇತ್ತು. ಹಾಳೆಯಲ್ಲಿ ಗೆರೆ ಎಳೆದು ನೂರಿಪ್ಪತ್ತು ಮನೆ ಮಾಡಿದ್ದರು. ಸಿಕ್ಕಿದ ಎಲೆಯ ಮನೆಗೆ ಮಸಿ ತುಂಬಿತ್ತು, ಸಿಗದ ಎಲೆಯ ಮನೆ ಖಾಲಿ. ಶುಕ್ರವಾರದ ಹೊತ್ತಿಗೆ ಅವನು ಅಂಥ ಹಾಳೆ ನಲವತ್ತೊಂದು ಎಣಿಸಿದ್ದ. ಎಲ್ಲವೂ ದಶಾವತಾರದವು. ನವಗ್ರಹಕ್ಕೆ ಗೆರೆ ಎಳೆದುಕೊಂಡವರು ಒಬ್ಬರೂ ಇರಲಿಲ್ಲ. ನವಗ್ರಹದ ಒಂದು ಬಿಡಿ ಎಲೆಯೂ ಪರೀಕ್ಷೆಗೆ ಬಂದಿರಲಿಲ್ಲ.

“ಚೆಂದದ್ದು ಬೇಕಾದವರು ರಾಜನ್ನ ಕೇಳ್ತಾರೆ,” ಅಂದಳು ಪರೀಕ್ಷಕಿ. “ಇಡೀ ಕಟ್ಟು ಬೇಕಾದವರಿಗೆ ಮಾತ್ರ ಇಲಿ ತಿಂದ ನಾಲ್ಕೂ ಬೇಕು.”

ಅವತ್ತು ಊಟ ಸೇರಲಿಲ್ಲವಂತೆ ವ್ಯಾಪಾರಿಗೆ.

ಶನಿವಾರ ಒಬ್ಬ ಬಸ್ ಕಂಡಕ್ಟರ್ ಬಂದ. ಹೆಗಲಲ್ಲಿ ಟಿಕೆಟಿನ ಚೀಲ. ಕೈಯಲ್ಲಿ ಎಲೆ ಇರಲಿಲ್ಲ. “ಬಂತೇನಮ್ಮ?” ಎಂದು ಕೇಳಿದ. “ಇಲ್ಲಪ್ಪ,” ಅಂದಳು ಆಕೆ. ಅವನು ತಲೆಯಾಡಿಸಿ ನೀರು ಕುಡಿಯಲು ಕೂತ. ಅವನು ಹದಿನಾಲ್ಕು ವರ್ಷದಿಂದ ಪ್ರತಿ ಶನಿವಾರ ಬಂದು ಕೇಳುವುದು ಇದೊಂದೇ ಮಾತು ಎಂದು ಆಕೆ ವ್ಯಾಪಾರಿಗೆ ಹೇಳಿದಳು. ಬಸ್ಸು ಹತ್ತಿದ ಹಳಬರನ್ನೆಲ್ಲ ನಿಮ್ಮ ಮನೆಯಲ್ಲಿ ಗಂಜೀಫಾ ಇತ್ತೇ ಎಂದು ವಿಚಾರಿಸುವನಂತೆ. ಒಂದು ಮಾರ್ಗದ ಊರುಗಳು ಮುಗಿದರೆ ಬೇರೆ ಮಾರ್ಗಕ್ಕೆ ಹಾಕಿಸಿಕೊಳ್ಳುವನಂತೆ. ಹಾಗೆ ಒಂದೊಂದಾಗಿ ನೂರ ಹತ್ತೊಂಬತ್ತು ಎಲೆ ಕೂಡಿಸಿದ್ದಾನೆ. ಅವನ ಹಾಳೆಯಲ್ಲಿ ಖಾಲಿ ಉಳಿದದ್ದು ಒಂದೇ ಮನೆ, ಒಂಬತ್ತು ಮೀನು.

ವ್ಯಾಪಾರಿ ಮಣೆಯಿಂದ ಎದ್ದ. ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದ.

ಚೌಕಟ್ಟಿನವನು ಅಂಟು ಕಲಸಿಟ್ಟು ಕತ್ತರಿ ಕೈಗೆತ್ತಿಕೊಂಡಿದ್ದ. ಸೋಮವಾರ ಎಂದು ಹೇಳಿದ್ದೆಯಲ್ಲ ಎಂದರೆ, ಇವತ್ತೇ ಪುರುಸೊತ್ತಾಯಿತು ಸ್ವಾಮಿ ಎಂದ. ವ್ಯಾಪಾರಿ ಅಲ್ಲೇ ನೆಲದ ಮೇಲೆ ಕೂತು ಎಣಿಸಿದ. ಎರಡು ಸಲ ತಪ್ಪಿ, ಮೂರನೆಯ ಸಲ ಸರಿಯಾಯಿತು. ನೂರಕ್ಕೆ ನೂರೂ ಇತ್ತು. ನಡುವೆ ಒಂಬತ್ತು ಮೀನೂ ಇತ್ತು.

ಅವನು ನೂರು ಎಲೆಗಳ ಗಂಟು ಹಿಡಿದು ಏದುಸಿರು ಬಿಡುತ್ತ ಹಿಂದಿರುಗಿದಾಗ ಕಂಡಕ್ಟರ್ ಹೊರಡಲು ಎದ್ದು ನಿಂತಿದ್ದ. ವ್ಯಾಪಾರಿ ಎಲೆಯನ್ನು ಅವನ ಅಂಗೈ ಮೇಲೆ ಇಟ್ಟ.

“ತಗೊಳ್ಳಿ. ನನಗೆ ಇದಕ್ಕೇನೂ ಕೊಡಬೇಡಿ.”

ಕಂಡಕ್ಟರ್ ಎಲೆ ತಿರುಗಿಸಿ ನೋಡಿದ. ಬೆರಳಿಟ್ಟು ಮೀನುಗಳನ್ನು ಎಣಿಸಿದ. ಅವನ ಕಣ್ಣು ತುಂಬಿತು. ಹದಿನಾಲ್ಕು ವರ್ಷ, ಸಂಗಯ್ಯ. ನಾವು ಹದಿನಾಲ್ಕು ದಿನ ಒಂದು ಜಪ ಹಿಡಿದು ಕೂರುವುದಿಲ್ಲ. ಪರೀಕ್ಷಕಿ ಗಾಜು, ಅರಗು ಎತ್ತಿಕೊಂಡಳು. ಅವನು ಕೈ ತೋರಿಸಿ ತಡೆದ.

“ಇದರ ಜೊತೇದು ಎಲ್ಲಿವೆ ಸೆಟ್ರೇ?”

“ನನ್ನ ಹತ್ರ ಇವೆ. ಎಲ್ಲಾ ಇವೆ.”

“ನೂರ ಹತ್ತೊಂಬತ್ತೂ?”

“ನೂರ ಹತ್ತೊಂಬತ್ತೂ.”

ಕಂಡಕ್ಟರ್ ಎಲೆಯನ್ನು ವ್ಯಾಪಾರಿಯ ಗಂಟಿನ ಮೇಲೆ ಮೆಲ್ಲಗೆ ಇಟ್ಟ.

“ಹಾಗಾದ್ರೆ ಬೇಡ. ನಿಮ್ಮದು ಪೂರ್ತಿ ಇದೆ. ಇದನ್ನ ತಗೊಂಡ್ರೆ ಅಲ್ಲಿ ಒಂದು ಮನೆ ಖಾಲಿ ಆಗ್ತದೆ. ಆ ಖಾಲಿ ಹೆಂಗಿರ್ತದೆ ಅಂತ ನಂಗೊತ್ತು.”

“ಅಯ್ಯೋ, ಕಟ್ಟನ್ನೇ ತಗೊಂಡು ಹೋಗಿ. ಇಡೀ ಕಟ್ಟು ನಿಮಗೇ.”

“ಅದು ನಾನು ಕೂಡಿಸಿದ್ದಲ್ವಲ್ಲ ಸೆಟ್ರೇ,” ಅಂದ ಕಂಡಕ್ಟರ್. ಚೀಲ ಹೆಗಲಿಗೆ ಏರಿಸಿದ. “ಮುಂದಿನ ಶನಿವಾರ ಬರ್ತೀನಮ್ಮ,” ಎಂದು ಪರೀಕ್ಷಕಿಗೆ ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಊರಿನವರು ನಕ್ಕರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರು. ನಗಲಿ. ಒಂದು ಎಲೆಗಾಗಿ ಹದಿನಾಲ್ಕು ವರ್ಷ ಅಲೆದವರು ಇನ್ನೂ ನಾಲ್ವರು ಸಿಕ್ಕಾರು. ಅದು ಕೈಗೆ ಬಂದ ಮೇಲೆ, ಇನ್ನೊಬ್ಬನದು ಕುಂದಾಗುತ್ತದೆ ಎಂದು ತಿರುಗಿ ಇಟ್ಟವನೆಂದು ನಾನು ಕೇಳಿದ್ದು ಇವನೊಬ್ಬನ ಬಗ್ಗೆಯೇ. ಅವನ ಮುಂದೆ ನನ್ನ ಕಾವಿ ಬಟ್ಟೆ ನನಗೇ ಭಾರ ಅನ್ನಿಸುತ್ತದೆ.

ವ್ಯಾಪಾರಿ ಇಪ್ಪತ್ತು ಎಲೆಯನ್ನೂ ನೂರು ಎಲೆಯನ್ನೂ ಕೂಡಿಸಿ, ಅದೇ ಹಳೆಯ ಬಟ್ಟೆಯಲ್ಲಿ ಸುತ್ತಿ ಮನೆಯಲ್ಲಿಟ್ಟ. ಯಾರು ಕೇಳಿದರೂ ಒಡೆಯಲಿಲ್ಲ. ಗೀಟಿನ ಹಾಳೆ ಏನಾಯಿತೋ ಗೊತ್ತಿಲ್ಲ, ಅವನು ಮತ್ತೆ ಅದನ್ನು ತೆಗೆಯಲಿಲ್ಲ. ಮೊದಲು ಅವನು ಹಳ್ಳಿಗಳಿಗೆ ಹೋದರೆ ಹಿತ್ತಾಳೆ ದೀಪ, ಹಳೆಯ ಗಡಿಯಾರ ಇದೆಯೇ ಎಂದು ಕೇಳುತ್ತಿದ್ದ. ಈಗ ಯಾರ ಜಗುಲಿ ಹತ್ತಿದರೂ ಮೊದಲು ಕೇಳುವುದು ಬೇರೆ. ನಿಮ್ಮ ಅಟ್ಟದಲ್ಲಿ ಗಂಜೀಫಾ ಎಲೆ ಏನಾದರೂ ಉಳಿದಿದೆಯೇ, ಅದರಲ್ಲಿ ಒಂಬತ್ತು ಮೀನು ಇದೆಯೇ, ಹರಿದಿದ್ದರೂ ಪರವಾಗಿಲ್ಲ, ನನಗಲ್ಲ, ನಮ್ಮ ಕಡೆಯ ಒಬ್ಬರಿಗೆ ಬೇಕಿತ್ತು ಎನ್ನುತ್ತಾನೆ.

ಗುರುಗಳು ಕತೆ ನಿಲ್ಲಿಸಿ ಶಲ್ಯ ಸರಿಮಾಡಿಕೊಂಡರು. ಸಂಗಯ್ಯ ಮುಂದಿನ ಮಾತಿಗಾಗಿ ಕಾದ. ಅವನಿಗೆ ತಡೆಯಲಾಗಲಿಲ್ಲ.

“ಆ ಎಲೆ ಸಿಕ್ಕಿತೇ ಗುರುಗಳೇ?”

“ಇಷ್ಟು ದಿನ ಅದನ್ನು ಹುಡುಕುವವರು ಇಬ್ಬರಿದ್ದರು ಸಂಗಯ್ಯ, ಈಗ ಮೂವರಾದಿರಿ.”