ಏರು ಹತ್ತದ ಕಾರು

"ಗುರುಗಳೇ, ಕಲ್ಲಿಗೆ ಹಾಡು ಕಲಿಸಲು ಸಾಧ್ಯವೇ?" ಎಂದು ಪಂಪಣ್ಣ ಕೇಳಿದ.

ಮಠಕ್ಕೆ ಬರುವ ಹೊಸಬರಿಗೆ ತತ್ವಪದ ಹೇಳಿಕೊಡುವ ಕೆಲಸ ಅವನದು. ಅವನ ಸಿಟ್ಟೆಲ್ಲ ಗೂಳಪ್ಪನೆಂಬ ಶಿಷ್ಯನ ಮೇಲೆ. ಗೂಳಪ್ಪ ಬಂದು ಮೂರು ತಿಂಗಳಾದರೂ ಒಂದು ಪದವನ್ನೂ ಕೊನೆ ಮುಟ್ಟಿಸಿರಲಿಲ್ಲ. ಎರಡನೆಯ ಸಾಲಿಗೇ ಗಂಟಲು ಕಟ್ಟುತ್ತಿತ್ತು.

"ಗದರಿಸಿದೆ. ಎಲ್ಲರ ಮುಂದೆ ನಿಲ್ಲಿಸಿದೆ. ಒಂದೇ ಸಾಲನ್ನು ನೂರು ಸಲ ಹೇಳಿಸಿದೆ. ಏನೂ ನಡೆಯಲಿಲ್ಲ. ನಾಳೆ ಅವನನ್ನು ಮನೆಗೆ ಕಳಿಸಿಬಿಡಲೇ?"

"ಕಳಿಸುವೆಯಂತೆ. ಮೊದಲು ಇದನ್ನು ಕೇಳು" ಎಂದು ಗುರುಗಳು ಕತೆ ತೆಗೆದರು.

ಒಬ್ಬ ಟ್ಯಾಕ್ಸಿಯವನಿದ್ದ. ಅವನ ಕಾರು ಬಯಲಿನಲ್ಲಿ ನಿಧಾನವಾಗಿ ಹೋಗುವಾಗ ಚೆನ್ನಾಗಿಯೇ ಇರುತ್ತಿತ್ತು. ಏರು ಬಂತೆಂದರೆ ಏದುಸಿರು ಬಿಡುತ್ತಿತ್ತು. ಅವನು ಪ್ಲಗ್ ಬದಲಿಸಿದ, ಫಿಲ್ಟರ್ ಬದಲಿಸಿದ, ಕೊನೆಗೆ ಪೆಟ್ರೋಲ್ ಬಂಕನ್ನೇ ಬದಲಿಸಿದ. ಇಂಜಿನ್ನಿಗೆ ವಯಸ್ಸಾಯಿತು, ಇನ್ನು ಗುಜರಿಗೆ ಹಾಕುವುದೇ ಸರಿ ಎಂದುಕೊಂಡ.

ಒಂದು ಬೆಳಗ್ಗೆ ಒಬ್ಬ ಬಾಣಂತಿಯನ್ನೂ ಅವಳ ಕೂಸನ್ನೂ ಬೆಟ್ಟದ ಮೇಲಿನ ಊರಿಗೆ ಮುಟ್ಟಿಸಬೇಕಿತ್ತು. ಹನ್ನೊಂದು ಗಂಟೆಗೆ ಕೂಸಿನ ನಾಮಕರಣ. ಜೊತೆಗೆ ಕೂಸಿನ ಅಜ್ಜಿಯೂ ಇದ್ದಳು. ಮೊದಲ ತಿರುವಿನಲ್ಲೇ ಕಾರು ಮುಗ್ಗರಿಸಿತು. ಅವನು ಆಕ್ಸಿಲರೇಟರ್ ತುಳಿದ. ಕಾರು ಇನ್ನಷ್ಟು ಕುಗ್ಗಿತು. ಅಜ್ಜಿ ಬಾಗಿಲು ತೆಗೆದು ಇಳಿದೇಬಿಟ್ಟಳು.

"ಇದಕ್ಕಿಂತ ನನ್ನ ಮೊಣಕಾಲೇ ವಾಸಿ ಕಣಪ್ಪ. ನೀವು ನಿಧಾನವಾಗಿ ಬನ್ನಿ. ನಾನು ಮುಂದೆ ಹೋಗಿ ಕೂಸಿಗೆ ಹೆಸರಿಟ್ಟಿರುತ್ತೇನೆ."

ಎರಡನೆಯ ತಿರುವಿನಲ್ಲಿ ಒಬ್ಬ ಮೆಕ್ಯಾನಿಕ್ಕಿನ ಅಂಗಡಿ. ಕಾರು ಅಲ್ಲಿಗೆ ಬರುವಷ್ಟರಲ್ಲಿ ಅಜ್ಜಿ ಬೆಂಚಿನ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದಳು.

ಮೆಕ್ಯಾನಿಕ್ ಬಾನೆಟ್ ತೆರೆಯಲಿಲ್ಲ. ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಸೈಲೆನ್ಸರ್ ಪೈಪಿನ ಬಾಯಿಗೆ ಅಂಗೈ ಒಡ್ಡಿದ. "ಸುಮ್ಮನೆ ಸ್ಟಾರ್ಟ್ ಮಾಡಿ ಬಿಡಿ" ಎಂದ. ಬೆಚ್ಚನೆಯ ಗಾಳಿ ಅಂಗೈಗೆ ತಾಕಿತು. "ಈಗ ತುಳಿಯಿರಿ" ಎಂದ. ಜೋರಾಗಿ ನುಗ್ಗಬೇಕಿದ್ದ ಗಾಳಿ ನಿಂತೇಹೋಯಿತು. ಕಾರು ಕೆಮ್ಮಿತು.

ಅವನು ಕಾರಿನಡಿಗೆ ತೂರಿ ಸೈಲೆನ್ಸರನ್ನು ಬಿಚ್ಚಿ ಹೊರಗೆ ತೆಗೆದ. ಈ ಸಲ ತುಳಿದಾಗ ಇಂಜಿನ್ ಬೆಟ್ಟವೆಲ್ಲ ಕೇಳುವಂತೆ ಗರ್ಜಿಸಿತು. ಅಜ್ಜಿಯ ಮಜ್ಜಿಗೆ ಸೀರೆಯ ಮೇಲಾಯಿತು.

"ಇಂಜಿನ್ ಮುದಿಯಾಗಿದೆ ಅಂದುಕೊಂಡಿದ್ದೆನಲ್ಲಪ್ಪ!" ಎಂದ ಟ್ಯಾಕ್ಸಿಯವನು.

ಮೆಕ್ಯಾನಿಕ್ ಸೈಲೆನ್ಸರನ್ನು ಅಲುಗಾಡಿಸಿದ. ಒಳಗೆ ಏನೋ ಲೊಟಲೊಟ ಎಂದಿತು. "ಇಂಜಿನ್ ಗುಂಡುಕಲ್ಲಿನಂತಿದೆ. ಇದರೊಳಗೆ ಒಂದು ತಗಡು ಕಳಚಿ ಜೋತಾಡುತ್ತಿದೆ. ಸುಮ್ಮನಿದ್ದರೆ ಹೊಗೆ ಅದರ ಪಕ್ಕದಿಂದ ನುಸುಳಿ ಹೋಗುತ್ತದೆ. ನೀವು ತುಳಿದರೆ ಹೊಗೆ ನುಗ್ಗಿ ಬಂದು ಅದೇ ತಗಡನ್ನು ತಳ್ಳಿ ದಾರಿ ಮುಚ್ಚುತ್ತದೆ. ಒಳಗಿನದು ಹೊರಗೆ ಹೋಗದೆ ಇಂಜಿನ್ ಹೊಸ ಉಸಿರು ಹೇಗೆ ತೆಗೆದುಕೊಳ್ಳಬೇಕು? ಇಷ್ಟು ದಿನ ನಿಮ್ಮ ಕಾಲೇ ಅದರ ಕತ್ತು ಹಿಸುಕುತ್ತಿತ್ತು ಸ್ವಾಮಿ."

ಸೈಲೆನ್ಸರ್ ಇಲ್ಲದೆಯೇ ಕಾರು ಬೆಟ್ಟ ಹತ್ತಿತು. ಬುಲ್ಡೋಜರ್ ಬಂತೆಂದು ಊರಿನವರೆಲ್ಲ ರಸ್ತೆಗೆ ಓಡಿ ಬಂದರು. ಕೂಸು ಮಾತ್ರ ಏಳಲಿಲ್ಲ. ಹನ್ನೊಂದು ಗಂಟೆಗೆ ಸರಿಯಾಗಿ ನಿದ್ದೆಯಲ್ಲೇ ಹೆಸರಿಡಿಸಿಕೊಂಡಿತು.

ಪಂಪಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣೊರೆಸಿಕೊಂಡು, "ಕಾರಿನ ಮಾತು ಸರಿ ಗುರುಗಳೇ. ಅದರ ಇಂಜಿನ್ ಚೆನ್ನಾಗಿತ್ತು. ಗೂಳಪ್ಪನಿಗೆ ಕಂಠವೇ ಇಲ್ಲವಲ್ಲ?" ಎಂದ.

ಗುರುಗಳು ಹೇಳಿದರು: "ನಿನ್ನೆ ನೀನು ಸಂತೆಗೆ ಹೋಗಿದ್ದಾಗ ಅವನು ಅಂಗಳ ಗುಡಿಸುತ್ತಾ ನೀನು ಕಲಿಸುತ್ತಿರುವ ಪದವನ್ನು ಕೊನೆಯವರೆಗೂ ಹಾಡಿದ."